ಹಸುವಿನ ಹಾಲು ಬಿಟ್ಟವರು ಕಲಿತ ದನಸಾಕಣೆ

ಮಕ್ಕಳೇ, ಗಾಂಧೀಜಿ ಹಸುವಿನ ಹಾಲು ಕುಡಿಯುತ್ತಿರಲಿಲ್ಲವೆಂದು ನಿಮಗೆ ಗೊತ್ತೆ? 1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಅವರು, ಹೆಚ್ಚು ಹಾಲಿಗಾಗಿ ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿ 1912ರಲ್ಲಿ ಹಾಲು ಬಿಟ್ಟರು. ಮುಂದೆ ತೀವ್ರ ಕಾಯಿಲೆಯಾದಾಗ ಕಸ್ತೂರಬಾ ಅವರ ಮಾತಿಗೆ ಮಣಿದು ಆಡಿನ ಹಾಲನ್ನಷ್ಟೇ ಒಪ್ಪಿದರು.

1927ರಲ್ಲಿ ಮತ್ತೆ ಆರೋಗ್ಯ ಕೆಟ್ಟಿತು. ಯಲಹಂಕ ದಾಟಿ ಹೋಗುತ್ತೀರಲ್ಲ, ಆ ನಂದಿಬೆಟ್ಟಕ್ಕೆ ವಿಶ್ರಾಂತಿಗೆ ಬಂದರು. ಜೂನ್‌ನಲ್ಲಿ ಬೆಂಗಳೂರಿಗೆ ಇಳಿದರು. 57 ವರ್ಷದ ಅವರು ಸುಮ್ಮನೆ ಮಲಗಲಿಲ್ಲ. ಆಡುಗೋಡಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ, ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ದನಸಾಕಣೆ ಕಲಿತರು.

ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆಗ ಬೀದಿಯ ಬಡಕಲು ಹೋರಿ ಕೂಡಿದರೆ? ಹಸು ಹೆಚ್ಚೆಂದರೆ ವರ್ಷಕ್ಕೊಂದು ಕರು ಹಾಕುತ್ತದೆ. ಹೋರಿಯಾದರೋ ಹತ್ತಾರು ಕರುಗಳಿಗೆ ತಂದೆ! ಪ್ರತಿ ಕರುವಿನ ಅರ್ಧ ಗುಣ ಅದರಿಂದಲೇ ಬರುತ್ತದೆ. ಹೀಗೆ ಊರಿನ ತಳಿಯೇ ಕೆಡುತ್ತದೆ. ಹಾಲಿಲ್ಲದ ಹಸುವನ್ನು ಬಡರೈತ ಎಷ್ಟು ದಿನ ಸಾಕಿಯಾನು? ಕೊನೆಗೆ ಅದು ಕಸಾಯಿಖಾನೆ ಸೇರುತ್ತದೆ.

ಆದ್ದರಿಂದ ಒಳ್ಳೆಯ ಹೋರಿಗಳನ್ನಷ್ಟೇ ತಳಿಗೆ ಬಿಟ್ಟು, ಉಳಿದವುಗಳ ಬೀಜ ಒಡೆಸಬೇಕೆಂದು ಗಾಂಧೀಜಿ ಬರೆದರು. ಅಹಿಂಸೆಯ ವ್ರತ ಹಿಡಿದವರಿಗೆ ಇದು ಸುಲಭದ ಮಾತಾಗಿರಲಿಲ್ಲ ಎಂದು ನನಗನಿಸುತ್ತದೆ.

ಈಗ ಹೋರಿಯನ್ನು ಹುಡುಕಿ ಅಲೆಯಬೇಕಿಲ್ಲ. ಯಲಹಂಕದ ಸಮೀಪದ ಹೆಸರಘಟ್ಟದಲ್ಲಿ ಆಯ್ದ ಹೋರಿಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಿಡುತ್ತಾರೆ. ಬೆದೆಯ ಹೊತ್ತನ್ನು ಗುರುತಿಸುವ ಕೆಲಸ ಮಾತ್ರ ಇಂದಿಗೂ ಮನೆಯವರದೇ. ಹಸು ಪದೇ ಪದೇ ಕೂಗುತ್ತದೆ, ಮೇವು ಬಿಡುತ್ತದೆ, ಬೇರೆ ಹಸುಗಳ ಮೇಲೆ ಹತ್ತುತ್ತದೆ.

1948ರ ಜನವರಿ 30ರಂದು ಗಾಂಧೀಜಿ ತೀರಿಕೊಂಡರು. ಹಸುವಿನ ಹಾಲನ್ನು ಅವರು ಮತ್ತೆ ಮುಟ್ಟಲೇ ಇಲ್ಲ.