ಒಂದೇ ಗಾತ್ರದ ಮಣಿಗಳು: ಜಾನ್ ಉಗೆಲ್‌ಸ್ಟಾಡ್

ಬಂಡೀಪುರ ಕಾಡಂಚಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಆರನೇ ತರಗತಿಗೆ ಮಿಶ್ರಣಗಳನ್ನು ಬೇರ್ಪಡಿಸುವ ಪಾಠ ಮಾಡಿದೆ. ಮರಳಿನೊಳಗಿನ ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಎಳೆದುಕೊಂಡಾಗ ಮಕ್ಕಳಿಗೆ ಖುಷಿಯೋ ಖುಷಿ. ಕಬ್ಬಿಣವಲ್ಲದ್ದನ್ನೂ ಹೀಗೆ ಎಳೆಯಬಹುದೇ ಎಂದು ಒಬ್ಬ ಹುಡುಗಿ ಕೇಳಿದಳು. ಆಗುವುದಿಲ್ಲ ಎಂದುಬಿಟ್ಟೆ. ಉತ್ತರ ಅಷ್ಟು ಸರಳವಲ್ಲ ಎಂದು ಆಮೇಲೆ ಓದಿ ತಿಳಿದೆ. ಓದಿದ್ದು ನಾರ್ವೆಯ ರಸಾಯನವಿಜ್ಞಾನಿ ಜಾನ್ ಉಗೆಲ್‌ಸ್ಟಾಡ್ ಅವರ ಬಗ್ಗೆ.

1921ರಲ್ಲಿ ಟ್ರಾಂಡ್‌ಹೈಮ್‌ನಲ್ಲಿ ಹುಟ್ಟಿದ ಅವರು ಅದೇ ಊರಿನ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ನೀರಿನಲ್ಲಿ ಹರಡಿಕೊಂಡಿರುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅವರ ಅಧ್ಯಯನದ ವಿಷಯ. ಕೆಲವು ಮೈಕ್ರೋಮೀಟರ್ ಗಾತ್ರದ, ಎಲ್ಲವೂ ಒಂದೇ ಅಳತೆಯ ದುಂಡು ಕಣಗಳನ್ನು ಮಾಡುವುದು ಆಗ ಬಹಳ ಕಷ್ಟವಾಗಿತ್ತು. ಬೆಳೆಯುವ ಹಂತದಲ್ಲಿ ಅವು ಮೇಲೆ ತೇಲಿಯೋ ತಳಕ್ಕೆ ಇಳಿದೋ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಗುರುತ್ವದ ಈ ಕಾಟ ತಪ್ಪಿಸಲು ಅಮೆರಿಕದವರು 1980ರ ದಶಕದಲ್ಲಿ ಬಾಹ್ಯಾಕಾಶ ನೌಕೆಯಲ್ಲೇ ಕಣಗಳನ್ನು ತಯಾರಿಸಿದರು. ಉಗೆಲ್‌ಸ್ಟಾಡ್ ಅದಕ್ಕೂ ಮೊದಲೇ, 1970ರ ದಶಕದಲ್ಲಿ, ನೆಲದ ಮೇಲೆಯೇ ದಾರಿ ಕಂಡುಕೊಂಡಿದ್ದರು. ನೆನೆಹಾಕಿದ ಸಬ್ಬಕ್ಕಿ ನೆನಪಿಸಿಕೊಳ್ಳಿ. ಮೊದಲಿಗೆ ಒಂದೇ ಅಳತೆಯ ಪುಟ್ಟ ಬೀಜಕಣಗಳು. ಅವು ಎಣ್ಣೆಯಂಥ ಒಂದು ವಸ್ತುವನ್ನು ಹೀರಿಕೊಂಡರೆ, ಬಳಿಕ ಮಾನೋಮರ್ ಅನ್ನು ತಮ್ಮ ಗಾತ್ರದ ನೂರಾರು ಪಟ್ಟು ಕುಡಿದು ಸಮನಾಗಿ ಉಬ್ಬುತ್ತವೆ. ಆಮೇಲೆ ಅದನ್ನು ಪಾಲಿಮರ್ ಆಗಿ ಗಟ್ಟಿಗೊಳಿಸುವುದು.

ಮುಂದೆ ಮಣಿಗಳಲ್ಲಿ ಸಣ್ಣ ರಂಧ್ರಗಳನ್ನು ಉಳಿಸಿ, ಅದರೊಳಗೆ ಕಬ್ಬಿಣದ ಆಕ್ಸೈಡ್ ಮೂಡಿಸಿ, ಮೇಲೆ ಪಾಲಿಮರ್‌ನಿಂದ ಮುಚ್ಚಿದರು. ಆಕ್ಸೈಡಿನ ಹರಳುಗಳು ಎಷ್ಟು ಚಿಕ್ಕವೆಂದರೆ ಅಯಸ್ಕಾಂತ ಸರಿಸಿದೊಡನೆ ಕಾಂತತ್ವವೂ ಇಲ್ಲವಾಗುತ್ತದೆ. ಮಣಿಗಳು ಗಂಟು ಕಟ್ಟದೆ ಮತ್ತೆ ಹರಡಿಕೊಳ್ಳುತ್ತವೆ. ಹೆಸರಾದ ಒಂದು ಬಗೆಯ ಮಣಿಯ ಅಳತೆ 4.5 ಮೈಕ್ರೋಮೀಟರ್, ಒಂದು ಮಿಲಿಮೀಟರಿನಲ್ಲಿ ಇನ್ನೂರಕ್ಕೂ ಹೆಚ್ಚು ಸಾಲಾಗಿ ಕೂರುತ್ತವೆ. ಅಳತೆಯೂ ಕಬ್ಬಿಣದ ಪಾಲೂ ಒಂದೇ ಆದ್ದರಿಂದ ಎಲ್ಲವೂ ಒಂದೇ ವೇಗದಲ್ಲಿ ಎಳೆಯಲ್ಪಡುತ್ತವೆ. ನನಗೆ ಮುಖ್ಯವೆನಿಸಿದ್ದು ಕಾಂತತ್ವಕ್ಕಿಂತ ಈ ಸಮಾನತೆಯೇ.

ಮಣಿಯ ಮೇಲ್ಮೈಗೆ ಪ್ರತಿಕಾಯ ಅಂಟಿಸಿದರೆ ಅದು ಬೇಕಾದ ಜೀವಕೋಶವನ್ನಷ್ಟೇ ಹಿಡಿಯುತ್ತದೆ. ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್ ತಗುಲಿದ ಮಕ್ಕಳ ಅಸ್ಥಿಮಜ್ಜೆಯಿಂದ ರೋಗಕೋಶಗಳನ್ನು ಹೀಗೆ ತೆಗೆಯುವ ವಿಧಾನವನ್ನು ಲಂಡನ್ನಿನ ವೈದ್ಯರು 1984ರಲ್ಲಿ ಪ್ರಕಟಿಸಿದರು. ಉಗೆಲ್‌ಸ್ಟಾಡ್ 1997ರಲ್ಲಿ ತೀರಿಕೊಂಡರು. ಅವರ ಮಣಿಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿವೆ.

ಮುಂದಿನ ಪಾಠದಲ್ಲಿ ತಪ್ಪು ಒಪ್ಪಿಕೊಂಡು ಇದಿಷ್ಟನ್ನೂ ಹೇಳಿದೆ. ಮಣಿ ಮಗುವಿನ ಮೈಯೊಳಗೇ ಉಳಿದುಬಿಟ್ಟರೆ ಏನು ಗತಿ ಎಂದು ಅದೇ ಹುಡುಗಿ ಕೇಳಿದಳು. ಮಜ್ಜೆಯನ್ನು ದೇಹದ ಹೊರಗೆ ತೆಗೆದು ಶುದ್ಧಿ ಮಾಡುತ್ತಾರೆ, ಮಣಿಗಳನ್ನು ಅಯಸ್ಕಾಂತ ಅಲ್ಲೇ ತಡೆಹಿಡಿಯುತ್ತದೆ ಎಂದೆ. ನಂಬಲಿಲ್ಲ. ಪಾರದರ್ಶಕ ಪೈಪಿನ ಪಕ್ಕ ಅಯಸ್ಕಾಂತ ಕಟ್ಟಿ, ಕಬ್ಬಿಣದ ಪುಡಿ ಕಲಸಿದ ನೀರನ್ನು ಅವಳ ಕೈಯಲ್ಲೇ ಹರಿಯಬಿಡಿಸಿದೆ.