ಶಾಸನತಪಸ್ವಿ ಬಿ. ಎಲ್. ರೈಸ್

ಕನ್ನಡ ನಾಡಿನ ಯಾವ ಹಳೆಯ ಊರಿಗೆ ಹೋದರೂ ಅಲ್ಲಿ ಬರಹವುಳ್ಳ ಕಲ್ಲೊಂದು ಕಾಣಸಿಗುವುದು ಅಪರೂಪವಲ್ಲ. ಗುಡಿಯ ಗೋಡೆಯಲ್ಲಿ, ಕೆರೆಯ ಏರಿಯ ಮೇಲೆ, ಊರ ಹೆಬ್ಬಾಗಿಲಿನ ಬಳಿ, ಹೊಲದ ಬದುವಿನಲ್ಲಿ ಇಂತಹ ಕಲ್ಲುಗಳು ನಿಂತಿವೆ. ಅರಸನೊಬ್ಬ ದೇವಾಲಯಕ್ಕೆ ಭೂಮಿ ಬಿಟ್ಟದ್ದು, ಹರಿದುಹೋದ ತುರುಗಳನ್ನು ಮರಳಿ ತರಲು ಹೋಗಿ ಊರ ವೀರನೊಬ್ಬ ಮಡಿದದ್ದು, ಪುಣ್ಯವಂತರೊಬ್ಬರು ಕೆರೆ ಕಟ್ಟಿಸಿದ್ದು, ಇವೆಲ್ಲ ಆ ಕಲ್ಲುಗಳ ಮೈಮೇಲೆ ಬರೆದಿವೆ. ಕಾಲ ಕಳೆದಂತೆ ಲಿಪಿ ಬದಲಾಯಿತು, ಓದಬಲ್ಲವರು ಇಲ್ಲವಾದರು. ಕಲ್ಲುಗಳು ಮೂಕವಾದವು. ಕೆಲವು ಬಟ್ಟೆ ಒಗೆಯುವ ಬಂಡೆಗಳಾದವು, ಕೆಲವು ಹೊಸ್ತಿಲುಗಳಾದವು, ಕೆಲವು ಒಡೆದು ಗೋಡೆ ಸೇರಿದವು. ಹೀಗೆ ಮೂಕವಾಗಿದ್ದ ಸಾವಿರಾರು ಕಲ್ಲುಗಳಿಗೆ ಮರಳಿ ಮಾತು ತಂದುಕೊಟ್ಟವರಲ್ಲಿ ಅಗ್ರಗಣ್ಯರು ಬೆಂಜಮಿನ್ ಲೂಯಿಸ್ ರೈಸ್. ಅವರು ಇತಿಹಾಸವನ್ನು ಶೋಧಿಸಲೆಂದು ಇಲ್ಲಿಗೆ ಬಂದವರಲ್ಲ. ಇಂಗ್ಲಿಷ್ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿ ಬಂದವರು. ಕಲಿಸಲು ಬಂದವರು ಕಲಿಯುವವರಾದ ಕಥೆಯೇ ಅವರ ಜೀವನಕಥೆ.

ರೈಸ್ ಅವರು ಹುಟ್ಟಿದ್ದು 1837ನೆಯ ಇಸವಿ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಗಳು. ಸುಮಾರು ಅರ್ಧ ಶತಮಾನ ಬೆಂಗಳೂರಿನಲ್ಲಿಯೇ ಬಾಳಿ, ಕನ್ನಡವನ್ನು ಚೆನ್ನಾಗಿ ಕಲಿತು, ಕನ್ನಡದಲ್ಲಿಯೇ ಬೋಧಿಸಿದವರು. ಅವರ ನೆನಪಿಗಾಗಿ ಕಟ್ಟಿದ ರೈಸ್ ಸ್ಮಾರಕ ಚರ್ಚು ಪೇಟೆಯ ನಡುವೆ, ಅವೆನ್ಯೂ ರಸ್ತೆಯಲ್ಲಿದೆ. ಇಂತಹ ಮನೆಯಲ್ಲಿ ಹುಟ್ಟಿದ ಮಗನಿಗೆ ಕನ್ನಡದ ದನಿ ಪರಕೀಯವಾಗಿರಲಿಲ್ಲ. ಉನ್ನತ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದ ಬಾಲಕ ಪದವೀಧರನಾಗಿ 1860ರಲ್ಲಿ ಬೆಂಗಳೂರಿಗೆ ಮರಳಿದನು. ಆಗ ಅವರಿಗೆ 23 ವರ್ಷ. ಇಂಗ್ಲೆಂಡ್ ಅವರ ಪೂರ್ವಿಕರ ನಾಡು. ಬೆಂಗಳೂರು ಅವರು ಕಣ್ತೆರೆದ ನಾಡು. ಇವೆರಡರಲ್ಲಿ ಅವರಿಗೆ ಪರದೇಶ ಯಾವುದು, ಸ್ವದೇಶ ಯಾವುದು ಎಂದು ಹೇಳುವುದು ಸುಲಭವಲ್ಲ.

ಅಂದಿನ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಬೆಂಗಳೂರಿನಲ್ಲಿ 1858ರಲ್ಲಿ ಸರಕಾರದ ಪ್ರೌಢಶಾಲೆಯೊಂದು ಆರಂಭವಾಗಿತ್ತು. ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದದ್ದು ಈ ಶಾಲೆಯೇ. ರೈಸ್ ಅವರು ಇದರ ಮುಖ್ಯಸ್ಥರಾದರು. ಅಂದಿನ ಬೆಂಗಳೂರೆಂದರೆ ಕೋಟೆ, ಕೋಟೆಗೆ ಸೇರಿದ ಪೇಟೆ, ದೂರದಲ್ಲಿ ದಂಡು, ಇಷ್ಟೇ. ಚಾಮರಾಜಪೇಟೆಯಾಗಲಿ, ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳಾಗಲಿ ಇನ್ನೂ ಹುಟ್ಟಿರಲಿಲ್ಲ. ರೈಲು ಬೆಂಗಳೂರಿನ ದಂಡಿಗೆ ಬಂದದ್ದು 1864ರಲ್ಲಿ. ತರುಣ ಉಪಾಧ್ಯಾಯರು ಐದು ವರ್ಷಗಳ ಕಾಲ ಈ ಊರಿನ ಮಕ್ಕಳಿಗೆ ವಿದ್ಯೆ ಹೇಳುವ ಶಾಲೆಯನ್ನು ನಡೆಸಿದರು.

1865ರಲ್ಲಿ ಅವರು ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರಾಗಿ ನೇಮಕಗೊಂಡರು. ತರಗತಿಯ ನಾಲ್ಕು ಗೋಡೆಗಳಿಂದ ಅವರು ನಾಡಿನ ಬಯಲಿಗೆ ಬಂದರು. 1868ರಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರ ಹೊಣೆಯನ್ನು ಹೊತ್ತಾಗ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಅದುವರೆಗೆ ಸರಕಾರದ ವಿದ್ಯೆ ಪಟ್ಟಣಗಳ ಸೊತ್ತಾಗಿತ್ತು. ಹಳ್ಳಿಗಳಲ್ಲಿ ಕೂಲಿಮಠದ ಅಯ್ಯಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಪ್ರತಿಯೊಂದು ಹೋಬಳಿಯಲ್ಲಿಯೂ ಒಂದು ಶಾಲೆ ಇರಬೇಕು, ಅಲ್ಲಿ ರೈತರ ಮಕ್ಕಳು ಕನ್ನಡದಲ್ಲಿ ಓದುಬರಹ ಕಲಿಯಬೇಕು ಎಂಬುದು ರೈಸ್ ಅವರ ಯೋಜನೆಯ ತಿರುಳು. ಭಾರತದ ವಿದ್ಯಾಭ್ಯಾಸದ ಸ್ಥಿತಿಗತಿಯನ್ನು ಪರಿಶೀಲಿಸಲು 1882ರಲ್ಲಿ ಹಂಟರರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗಕ್ಕೆ ಅವರು ಕಾರ್ಯದರ್ಶಿಯಾದದ್ದು ಈ ಅನುಭವದ ಬಲದಿಂದಲೇ.

ಶಾಲೆಗಳ ತನಿಖೆಯೆಂದರೆ ಆ ಕಾಲದಲ್ಲಿ ನಿರಂತರ ಪ್ರಯಾಣ. ಬಹುಪಾಲು ದಾರಿಯನ್ನು ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಸವೆಸಬೇಕು. ರಾತ್ರಿ ಬಂದಲ್ಲಿ ಡೇರೆ ಹಾಕಬೇಕು. ಮಲೆನಾಡಿನ ಮಳೆ, ಬಯಲುಸೀಮೆಯ ಬಿಸಿಲು, ಕೊಡಗಿನ ಕಾಡು ಎಲ್ಲವನ್ನೂ ಸಹಿಸಬೇಕು. ಇಂತಹ ಪ್ರಯಾಣದಲ್ಲಿ ಊರೂರಿಗೂ ಎದುರಾಗುತ್ತಿದ್ದ ಬರಹದ ಕಲ್ಲುಗಳು ರೈಸ್ ಅವರ ಗಮನವನ್ನು ಸೆಳೆದವು. ಅವರಿಗೂ ಹಿಂದೆ ಕರ್ನಲ್ ಮೆಕೆಂಜಿ ಮೊದಲಾದವರು ಶಾಸನಗಳ ಪ್ರತಿಗಳನ್ನು ಕೂಡಿಸಿದ್ದುಂಟು. ಬೌರಿಂಗ್ ಅವರು ಕಮಿಷನರಾಗಿದ್ದ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಹಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂದಿತು. ಅದರ ಫಲವಾಗಿ ಮೈಸೂರಿನ ಶಾಸನಗಳನ್ನು ಕುರಿತ ಅವರ ಮೊದಲ ಗ್ರಂಥ 1879ರಲ್ಲಿ ಹೊರಬಂದಿತು. ಅದಕ್ಕೂ ಸ್ವಲ್ಪ ಮುಂಚೆ, 1877 ಮತ್ತು 1878ರಲ್ಲಿ, ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ಅವರು ಸಿದ್ಧಪಡಿಸಿಕೊಟ್ಟಿದ್ದರು.

1881ರಲ್ಲಿ ಮೈಸೂರು ಮರಳಿ ಒಡೆಯರ ಆಳ್ವಿಕೆಗೆ ಬಂದಿತು. 1885ರಲ್ಲಿ ಪ್ರಾಚ್ಯವಸ್ತು ಸಂಶೋಧನೆಯ ಕಾರ್ಯವನ್ನು ಸಂಸ್ಥಾನವು ರೈಸ್ ಅವರಿಗೆ ವಹಿಸಿತು. ಕೆಲವು ವರ್ಷ ಬೇರೆ ಹೊಣೆಗಳ ನಡುವೆ ಇದನ್ನು ನಡೆಸಿ, 1890ರಿಂದ ತಮ್ಮ ಪೂರ್ಣ ಕಾಲವನ್ನು ಇದಕ್ಕೇ ಮೀಸಲಾಗಿಟ್ಟರು.

ಶಾಸನದ ಪಡಿಯಚ್ಚು ತೆಗೆಯುವುದು ತಾಳ್ಮೆಯ ಕೆಲಸ. ಮೊದಲು ಕಲ್ಲಿನ ಮೇಲಿನ ಪಾಚಿ, ಮಣ್ಣು, ಸುಣ್ಣಗಳನ್ನು ಉಜ್ಜಿ ತೊಳೆಯಬೇಕು. ನೆನೆಸಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಮೆಲ್ಲಗೆ ಬಡಿದು, ಅಕ್ಷರಗಳ ಕುಳಿಯೊಳಕ್ಕೆ ಇಳಿಯುವಂತೆ ಮಾಡಬೇಕು. ಬಳಿಕ ಮಸಿಯ ಉಂಡೆಯನ್ನು ಕಾಗದದ ಮೇಲೆ ಒತ್ತುತ್ತ ಬಂದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಇಷ್ಟಾದರೆ ಅರ್ಧ ಕೆಲಸ ಮುಗಿಯಿತು. ಸವೆದ ಅಕ್ಷರವನ್ನು ಊಹಿಸಿ, ಹಳಗನ್ನಡದ ಪದವನ್ನು ಬಿಡಿಸಿ, ಶಕವರ್ಷವನ್ನು ಲೆಕ್ಕಹಾಕಿ, ಅರಸನ ವಂಶವನ್ನು ಗುರುತಿಸುವುದು ಉಳಿದರ್ಧ.

ಹೀಗೆ ದೊರೆತ ಶಾಸನಗಳೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಬೆಳಕು ಕಂಡವು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಈ ಮಾಲೆ 1905ರ ಹೊತ್ತಿಗೆ 12 ಸಂಪುಟಗಳಾಗಿ ಬೆಳೆಯಿತು. ಅವುಗಳಲ್ಲಿರುವ ಶಾಸನಗಳು ಸುಮಾರು 9000. ಜಿಲ್ಲೆ ಜಿಲ್ಲೆಗೆ ಸಂಪುಟ, ತಾಲ್ಲೂಕು ತಾಲ್ಲೂಕಿಗೆ ವಿಭಾಗ, ಶಾಸನ ಶಾಸನಕ್ಕೆ ಒಂದು ಸಂಖ್ಯೆ. ಮೂಲಪಾಠ, ರೋಮನ್ ಲಿಪಿಯಲ್ಲಿ ಅದರ ರೂಪ, ಇಂಗ್ಲಿಷ್ ಅನುವಾದ, ಆರಂಭದಲ್ಲಿ ವಿಸ್ತಾರವಾದ ಪೀಠಿಕೆ. ಕದಂಬರು, ಗಂಗರು, ಹೊಯ್ಸಳರು, ವಿಜಯನಗರದ ಅರಸರು ಮೊದಲಾದವರ ಚರಿತ್ರೆಯನ್ನು ಬರೆಯುವವರಿಗೆ ಈ ಸಂಪುಟಗಳು ಅಂದಿನಿಂದ ಇಂದಿನವರೆಗೂ ಆಧಾರಸ್ತಂಭಗಳಾಗಿವೆ.

ಅವರ ಶೋಧನೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು 1892ರದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಜನ ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅದರ ಮೇಲಿದ್ದುದು ಅಶೋಕ ಚಕ್ರವರ್ತಿಯ ಧರ್ಮಶಾಸನ! ಸಮೀಪದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಅದೇ ಶಾಸನದ ಪ್ರತಿಗಳು ದೊರೆತವು. ಜಟಿಂಗ ರಾಮೇಶ್ವರದ ಬಂಡೆಯ ಆಸರೆಯಲ್ಲಿ ಜಾತ್ರೆಯ ಕಾಲಕ್ಕೆ ಬಳೆ ಮಾರುವವರು ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರಗುಂಡು ಎಂದು ಹೆಸರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಮಗಧದ ದೊರೆಯ ಮಾತು ಕನ್ನಡ ನಾಡಿನ ನಡುವೆ ಕೇಳಿಸುತ್ತಿತ್ತೆಂಬುದು ಇದರಿಂದ ನಿಶ್ಚಯವಾಯಿತು. ತಂದೆತಾಯಿಗಳನ್ನು ಸೇವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಆ ಶಾಸನದ ಉಪದೇಶ. ಶಾಲೆಯ ಉಪಾಧ್ಯಾಯರಾಗಿ ಬಾಳನ್ನು ಆರಂಭಿಸಿದವರ ಕೈಗೆ ಇಂತಹ ಪಾಠವುಳ್ಳ ಬಂಡೆ ದೊರೆತದ್ದು ಉಚಿತವಾಗಿಯೇ ಇದೆ.

ರೈಸ್ ಅವರ ಶ್ರಮ ಶಾಸನಗಳಿಗಷ್ಟೇ ಸೀಮಿತವಾಗಿರಲಿಲ್ಲ. ತಾಳೆಯೋಲೆಗಳಲ್ಲಿ ಹುದುಗಿದ್ದ ಹಳಗನ್ನಡ ಗ್ರಂಥಗಳನ್ನು ಅವರು ಮುದ್ರಣಕ್ಕೆ ತಂದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣ 1884ರಲ್ಲಿ, ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ 1890ರಲ್ಲಿ, ಪಂಪಭಾರತ 1898ರಲ್ಲಿ ಪ್ರಕಟವಾದವು. ಕವಿರಾಜಮಾರ್ಗವೂ ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಅದೇ ಮಾಲೆಯಲ್ಲಿ 1898ರಲ್ಲಿ ಹೊರಬಂದಿತು. ಆದಿಕವಿಯ ಕಾವ್ಯವನ್ನು ಅಚ್ಚಿನ ಪುಸ್ತಕವಾಗಿ ಕೈಯಲ್ಲಿ ಹಿಡಿಯುವ ಭಾಗ್ಯ ಕನ್ನಡಿಗರಿಗೆ ಒದಗಿದ್ದು ಹೀಗೆ.

ಇಷ್ಟು ದೊಡ್ಡ ಕೆಲಸ ಒಬ್ಬರಿಂದಲೇ ನಡೆಯುವಂಥದಲ್ಲ. ಹಳಗನ್ನಡ, ಸಂಸ್ಕೃತ, ತಮಿಳುಗಳನ್ನು ಬಲ್ಲ ಪಂಡಿತರು, ಊರೂರು ಅಲೆದು ಪಡಿಯಚ್ಚು ತೆಗೆದ ಕೆಲಸಗಾರರು ರೈಸ್ ಅವರ ಬೆನ್ನಿಗಿದ್ದರು. ಅವರಲ್ಲಿ ಅನೇಕರ ಹೆಸರು ಇಂದು ಮರೆತುಹೋಗಿದೆ. ರೈಸ್ ಅವರನ್ನು ನೆನೆಯುವಾಗ ಇವರನ್ನೂ ನೆನೆಯುವುದು ನ್ಯಾಯ. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಬಳಿಕ ಇಲಾಖೆಯ ಹೊಣೆಯನ್ನು ಹೊತ್ತು, ಮುಂದೆ ಕರ್ಣಾಟಕ ಕವಿಚರಿತೆಯಿಂದ ನಾಡಿಗೆಲ್ಲ ಪರಿಚಿತರಾದರು.

ರೈಸ್ ಅವರ ನಿರ್ಣಯಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ವಿದ್ವಾಂಸರಾದ ಫ್ಲೀಟ್ ವಾದಿಸಿದರು. ರೈಸ್ ಅದನ್ನು ಒಪ್ಪಲಿಲ್ಲ. ಶ್ರವಣಬೆಳಗೊಳದ ಚಂದ್ರಗುಪ್ತನ ಐತಿಹ್ಯವನ್ನು ಕುರಿತೂ ಇವರಿಬ್ಬರಲ್ಲಿ ಭಿನ್ನಾಭಿಪ್ರಾಯವಿತ್ತು. ಅವರ ಸಂಪುಟಗಳಲ್ಲಿ ಕೊರತೆಗಳೂ ಇದ್ದವು. 1889ರ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದರೆ, 1923ರಲ್ಲಿ ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿಯಲ್ಲಿ ಅವು 500 ಆದವು. ಇದರಿಂದ ರೈಸ್ ಅವರ ಹಿರಿಮೆಗೆ ಕುಂದಿಲ್ಲ. ಮುಂದೆ ಬಂದವರು ತಿದ್ದಲು ಸಾಧ್ಯವಾದದ್ದು ಹಿಂದಿನವರು ಬರೆದಿಟ್ಟಿದ್ದರಿಂದ. ವಿದ್ಯೆ ಬೆಳೆಯುವ ಬಗೆಯೇ ಇದು.

ರೈಸ್ ಅವರ ಬೆಂಗಳೂರಿನ ಕೊನೆಯ ದಶಕಗಳಲ್ಲಿ ಊರು ಬದಲಾಗತೊಡಗಿತ್ತು. 1892ರಲ್ಲಿ ಚಾಮರಾಜಪೇಟೆ ಹುಟ್ಟಿತು. 1898ರ ಪ್ಲೇಗಿನ ಹಾವಳಿಯ ಅನಂತರ ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೆಳೆದವು. ಹೊಲಗದ್ದೆಗಳ ಮೇಲೆ ಹೊಸ ಬೀದಿಗಳು ಮೂಡುತ್ತಿದ್ದ ಆ ಕಾಲದಲ್ಲಿಯೇ, 1905ರಲ್ಲಿ, ಬೆಂಗಳೂರು ಜಿಲ್ಲೆಯ ಶಾಸನಗಳ ಒಂಬತ್ತನೆಯ ಸಂಪುಟ ಪ್ರಕಟವಾಯಿತು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ ಶಾಸನವೂ ಅದರಲ್ಲಿದೆ. 1669ರಲ್ಲಿ ಶಹಾಜಿಯ ಮಗ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ಹೊಸ ಬಡಾವಣೆಯೆಂದು ನಾವು ಭಾವಿಸಿದ ನೆಲಕ್ಕೆ ಹೀಗೆ ಹಳೆಯ ಹೆಸರೂ ಹಳೆಯ ಬಾಳೂ ಇದ್ದವು. ಊರು ಬೆಳೆದಂತೆ ಆ ಸಂಪುಟದಲ್ಲಿ ದಾಖಲಾದ ಅನೇಕ ಕಲ್ಲುಗಳು ಕಟ್ಟಡಗಳ ಅಡಿಯಲ್ಲಿ, ರಸ್ತೆಗಳ ಅಡಿಯಲ್ಲಿ ಕಣ್ಮರೆಯಾದವು. ಕಲ್ಲು ಹೋದರೂ ಅದರ ಮಾತು ಉಳಿದಿರುವುದು ರೈಸ್ ಅವರು ಅಚ್ಚು ಹಾಕಿಸಿಟ್ಟ ಪುಟಗಳಲ್ಲಿ ಮಾತ್ರ.

1906ರಲ್ಲಿ ನಿವೃತ್ತರಾದ ರೈಸ್ ಅವರು ಇಂಗ್ಲೆಂಡಿಗೆ ತೆರಳಿ ಹ್ಯಾರೋ ಎಂಬಲ್ಲಿ ನೆಲೆಸಿದರು. ಅಲ್ಲಿಯೂ ಅವರ ಮನಸ್ಸು ಈ ನಾಡಿನಲ್ಲಿಯೇ ಇತ್ತು. ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ನಿರೂಪಿಸುವ ಗ್ರಂಥವನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ರಂದು, 90ರ ಹೊಸ್ತಿಲಲ್ಲಿ, ಅವರು ಕಾಲವಶರಾದರು.

ಅವರು ಆಳುವವರ ಕಡೆಯಿಂದ ಬಂದವರು. ಆಳುವವರ ಭಾಷೆಯನ್ನು ಕಲಿಸುವ ಶಾಲೆಯ ಮುಖ್ಯಸ್ಥರಾಗಿದ್ದವರು. ಆದರೂ ಈ ನೆಲದ ಮಾತಿಗೆ ಕಿವಿಗೊಟ್ಟು, ಅದನ್ನು ಕಲಿತು, ಕಲಿತದ್ದನ್ನು ನಮಗೆ ಮರಳಿಸಿದರು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಕರೆದದ್ದು ಈ ಕೃತಜ್ಞತೆಯಿಂದ. ಆ ಋಣ ಹೆಸರನ್ನು ನೆನೆದ ಮಾತ್ರಕ್ಕೆ ತೀರುವಂಥದಲ್ಲ. ನಮ್ಮೂರಿನ ಗುಡಿಯ ಮಗ್ಗುಲಲ್ಲಿ, ಕೆರೆಯ ದಂಡೆಯಲ್ಲಿ ಬರಹದ ಕಲ್ಲೊಂದು ಬಿದ್ದಿದ್ದರೆ ಅದು ಯಾರ ಮಾತು, ಏನು ಹೇಳುತ್ತದೆ ಎಂದು ವಿಚಾರಿಸಿ, ಒಡೆಯದಂತೆ ಅದನ್ನು ಕಾಪಾಡುವುದೇ ಆ ಋಣವನ್ನು ತೀರಿಸುವ ದಾರಿ.