ಒಂದೇ ಕೈಯಲ್ಲಿ ಓಡಿಸೋ ಗಾಡಿ

ಹೋದ ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಒಂದು ಪ್ರಶ್ನೆ ಇಟ್ಕೊಂಡು ಕಾಯ್ತಾ ಇದ್ದ. ತುಮಕೂರಲ್ಲಿ ಕೊರಿಯರ್ ಕೆಲಸಕ್ಕೆ ಸೇರಿದ್ದ. ಗಾಡಿ ಸ್ವಂತದ್ದೇ ಆಗಬೇಕು, ಪೆಟ್ರೋಲ್ ಸ್ವಂತ ಖರ್ಚು. ಅಣ್ಣ ಮೆಕ್ಯಾನಿಕಲ್ ಓದ್ತಾ ಇದಾನಲ್ಲ, ಯಾವ ಬೈಕ್ ತಗೋಬೇಕು ಅಂತ ಅವನೇ ಹೇಳ್ತಾನೆ ಅನ್ನೋ ನಂಬಿಕೆ ಅವನದು. ನಾನೂ ಬಿಡಲಿಲ್ಲ. ಸಿಸಿ, ಟಾರ್ಕ್, ಹಾರ್ಸ್‌ಪವರ್ ಅಂತ ಶುರು ಹಚ್ಚಿಕೊಂಡೆ. ಅವನು ಸ್ವಲ್ಪ ಹೊತ್ತು ಮರ್ಯಾದೆಗೆ ಕೇಳಿಸಿಕೊಂಡು, ಆಮೇಲೆ ತನಗೆ ಬೇಕಾಗಿದ್ದನ್ನ ಕೇಳೋಕೆ ಶುರು ಮಾಡಿದ. ದಿನಕ್ಕೆ ಅರವತ್ತು ಎಪ್ಪತ್ತು ಸಲ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಇಂಜಿನ್ ತಡಿಯತ್ತಾ? ಹಿಂದೆ ಡಬ್ಬ ಕಟ್ಟಿದ ಮೇಲೆ ಕಾಲೆತ್ತಿ ಹತ್ತೋದು ಹೇಗೆ? ಮಳೆಗಾಲದಲ್ಲಿ ಪ್ಯಾಂಟ್ ಪೂರ್ತಿ ಕೆಸರಾದ್ರೆ ಜನರ ಮನೆ ಬಾಗಿಲಲ್ಲಿ ನಿಲ್ಲೋದು ಹೇಗೆ? ಗಾಡಿ ಒಂದಿನ ಕೆಟ್ಟು ನಿಂತರೆ ಆ ದಿನದ ಸಂಪಾದನೆ ಹೋದ ಹಾಗೇ ಅಲ್ವಾ?

ನಾಲ್ಕು ವರ್ಷದ ಸಿಲಬಸ್‌ನಲ್ಲಿ ಇದಕ್ಕೆ ಉತ್ತರ ಹುಡುಕಿದೆ, ಸಿಗಲಿಲ್ಲ. ಇದೇ ಪ್ರಶ್ನೆಗಳನ್ನ 1950ರ ದಶಕದಲ್ಲೇ ತಲೆಗೆ ಹಚ್ಚಿಕೊಂಡಿದ್ದ ಒಬ್ಬ ಮನುಷ್ಯನ ಕಥೆ ಸಿಕ್ಕಿತು. ಅವರ ಹೆಸರು ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಎಷ್ಟೋ ಗಾಡಿಗಳ ಮೇಲೆ ಬರೆದಿದೆ. ಆದ್ರೆ ಅದು ಒಬ್ಬ ಮನುಷ್ಯನ ಹೆಸರು ಅನ್ನೋದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಹೊಳೆದಿರೋದಿಲ್ಲ.

ಸೊಯಿಚಿರೊ ಹೋಂಡಾ ಹುಟ್ಟಿದ್ದು 1906ರ ನವೆಂಬರ್ 17ರಂದು, ಜಪಾನಿನ ಹಮಾಮತ್ಸು ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಗಿಹೇಯಿ ಕಮ್ಮಾರ, ಜೊತೆಗೆ ಸೈಕಲ್ ರಿಪೇರಿಯನ್ನೂ ಮಾಡ್ತಿದ್ದರು. ಅಮ್ಮ ನೇಯ್ಗೆ ಮಾಡ್ತಿದ್ದರು. ಹಳ್ಳಿಗೆ ಮೊದಲ ಸಲ ಕಾರು ಬಂದಾಗ ಹುಡುಗ ಅದರ ಹಿಂದೆ ಓಡಿ, ಅದು ನೆಲಕ್ಕೆ ಸುರಿಸಿದ ಎಣ್ಣೆಯನ್ನ ಬಗ್ಗಿ ಮೂಸಿ ನೋಡಿದ್ದನಂತೆ. ಓದಿನಲ್ಲಿ ಅಷ್ಟಕ್ಕಷ್ಟೇ. ಮಾರ್ಕ್ಸ್ ಕಾರ್ಡ್ ಮೇಲೆ ಮನೆಯವರ ಮೊಹರು ಒತ್ತಿಸಿಕೊಂಡು ಬರಬೇಕಿತ್ತು. ಇವನು ಸೈಕಲ್ ಪೆಡಲ್‌ನ ರಬ್ಬರ್ ಕೆತ್ತಿ ತಾನೇ ಒಂದು ಮೊಹರು ಮಾಡ್ಕೊಂಡ. ಅದು ನಡೆದುಹೋಯ್ತು. ಗೆಳೆಯರಿಗೂ ಮಾಡಿಕೊಟ್ಟ, ಅಲ್ಲಿ ಸಿಕ್ಕಿಬಿದ್ದ. ಜಪಾನಿ ಲಿಪಿಯಲ್ಲಿ ಹೋಂಡಾ ಅನ್ನೋ ಎರಡು ಅಕ್ಷರ ಕನ್ನಡಿಯಲ್ಲಿ ನೋಡಿದರೂ ಹಾಗೇ ಕಾಣತ್ತೆ. ಮೊಹರನ್ನ ತಿರುವುಮುರುವಾಗಿ ಕೆತ್ತಬೇಕು ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ, ಗೆಳೆಯರ ಹೆಸರುಗಳೆಲ್ಲ ಉಲ್ಟಾ ಬಿದ್ದವು! ಲ್ಯಾಬ್ ರೆಕಾರ್ಡ್‌ಗೆ ಸಹಿ ತಾವೇ ಹಾಕಿಕೊಳ್ಳೋ ನಮ್ಮ ಕೆಲವು ಮಿತ್ರರು ಇದನ್ನ ಗಮನಿಸಬೇಕು.

1922ರಲ್ಲಿ, ಹದಿನೈದನೇ ವಯಸ್ಸಿಗೆ, ಟೋಕಿಯೋದ ಆರ್ಟ್ ಶೋಕಾಯ್ ಅನ್ನೋ ಕಾರು ರಿಪೇರಿ ಅಂಗಡಿಗೆ ಸೇರಿದ. ಹೋಗಿದ್ದು ಸ್ಪ್ಯಾನರ್ ಹಿಡಿಯೋಕೆ, ಕೊಟ್ಟಿದ್ದು ಮಾಲೀಕರ ಮಗು ಆಡಿಸೋ ಕೆಲಸ. ಬೆನ್ನಿಗೆ ಮಗು ಕಟ್ಟಿಕೊಂಡು ದೂರದಿಂದ ಇಂಜಿನ್ ನೋಡ್ತಾ ತಿಂಗಳುಗಳು ಹೋದವು. 1923ರ ಸೆಪ್ಟೆಂಬರಿನ ದೊಡ್ಡ ಭೂಕಂಪದ ನಂತರ ಕೆಲಸಗಾರರಲ್ಲಿ ಹೆಚ್ಚಿನವರು ಊರು ಸೇರಿಕೊಂಡರು, ಉಳಿದ ಇವನ ಕೈಗೆ ನಿಜವಾದ ಕೆಲಸ ಬಂತು. 1928ರ ಹೊತ್ತಿಗೆ ಹಮಾಮತ್ಸುವಿನಲ್ಲಿ ಅದೇ ಅಂಗಡಿಯ ಶಾಖೆ ತೆರೆಯೋ ಮಟ್ಟಕ್ಕೆ ಬೆಳೆದಿದ್ದರು. ರೇಸಿನ ಹುಚ್ಚೂ ಇತ್ತು. 1936ರಲ್ಲಿ ತಾವೇ ಕಟ್ಟಿದ ಕಾರಲ್ಲಿ ಅಪಘಾತ ಮಾಡ್ಕೊಂಡು ಚೆನ್ನಾಗಿ ಪೆಟ್ಟು ತಿಂದರು.

ರಿಪೇರಿ ಸಾಕು, ಏನಾದರೂ ತಯಾರಿಸಬೇಕು ಅಂತ ಪಿಸ್ಟನ್ ರಿಂಗ್‌ಗೆ ಕೈ ಹಾಕಿದ್ದು ಆಮೇಲೆ. ನೋಡೋಕೆ ಏನಿದೆ ಅದರಲ್ಲಿ, ಒಂದು ಉಂಗುರ. ಆದ್ರೆ ಎರಕ ಹೊಯ್ದಿದ್ದೆಲ್ಲ ಕಲ್ಲಿನ ಹಾಗೆ ಗಟ್ಟಿ, ಸ್ಪ್ರಿಂಗ್ ಗುಣವೇ ಇಲ್ಲ. ರಾತ್ರಿಯೆಲ್ಲ ಫೌಂಡ್ರಿಯಲ್ಲಿ ಕೂತರೂ ಯಾಕೆ ಅಂತ ತಿಳೀಲಿಲ್ಲ. ಕೊನೆಗೆ ಹಮಾಮತ್ಸುವಿನ ಟೆಕ್ನಿಕಲ್ ಕಾಲೇಜಿಗೆ ಹೋಗಿ ಕೇಳಿದಾಗ ಗೊತ್ತಾಯ್ತು, ಎರಕದಲ್ಲಿ ಸಿಲಿಕಾನ್ ಸಾಲದು. ಹೆಂಡತಿ ಇದ್ದು, ಕಾರ್ಖಾನೆ ನಡೆಸ್ತಾ ಇದ್ದ ಮೂವತ್ತರ ಮನುಷ್ಯ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಲೋಹಶಾಸ್ತ್ರ ಕೇಳಿದರು. ತಮಗೆ ಬೇಕಾದಷ್ಟು ಕೇಳಿಸಿಕೊಂಡರು, ಪರೀಕ್ಷೆಗೆ ಮಾತ್ರ ಕೂರಲಿಲ್ಲ. ಹೀಗಾಗಿ ಸರ್ಟಿಫಿಕೇಟ್ ಸಿಗಲಿಲ್ಲ, ಅವರೂ ತಲೆ ಕೆಡಿಸಿಕೊಳ್ಳಲಿಲ್ಲ. (ಪರೀಕ್ಷೆ ತಪ್ಪಿಸಿಕೊಳ್ಳೋಕೆ ಇದನ್ನ ನೆಪ ಮಾಡ್ಕೋಬೇಡಿ. ಅವರ ಪರೀಕ್ಷೆ ಬೇರೆ ಕಡೆ ನಡೀತು.) ಟೊಯೋಟಾದವರಿಗೆ ಆರಿಸಿ ಕಳಿಸಿದ 50 ರಿಂಗುಗಳಲ್ಲಿ ಪಾಸಾಗಿದ್ದು 3 ಮಾತ್ರ. ಊರೂರು ಸುತ್ತಿ ಉಕ್ಕಿನ ಕಾರ್ಖಾನೆಗಳನ್ನ ನೋಡಿ ಬಂದು, ಮತ್ತೆ ಕೆಲವು ವರ್ಷ ಒದ್ದಾಡಿ ಅದನ್ನ ಸರಿಮಾಡಿದರು.

ಅಷ್ಟರಲ್ಲಿ ಯುದ್ಧ. ಬಾಂಬು ಬಿತ್ತು, 1945ರ ಜನವರಿಯಲ್ಲಿ ಭೂಕಂಪವೂ ಆಯ್ತು. ಉಳಿದ ಕಂಪನಿಯನ್ನ ಟೊಯೋಟಾಗೆ ಮಾರಿ ಒಂದು ವರ್ಷ ಏನೂ ಮಾಡದೆ ಕೂತರು.

ಈಗ ನನ್ನ ತಮ್ಮನ ಪ್ರಶ್ನೆಗೆ ಹತ್ತಿರ ಬಂದ್ವಿ. ಯುದ್ಧ ಮುಗಿದ ಜಪಾನಿನಲ್ಲಿ ಊಟಕ್ಕೆ ತತ್ವಾರ, ರೈಲು ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇಲ್ಲ, ಪೆಟ್ರೋಲಿಗೆ ರೇಷನ್. ಅಕ್ಕಿ ತರಕಾರಿ ಹುಡುಕಿಕೊಂಡು ಜನ ಸೈಕಲ್ ತುಳಿದು ಹಳ್ಳಿಗಳಿಗೆ ಹೋಗ್ತಿದ್ದರು. ಹೋಂಡಾ ಅವರ ಹೆಂಡತಿ ಸಾಚಿ ಕೂಡ. 1946ರಲ್ಲಿ ಸೈನ್ಯದ ವೈರ್‌ಲೆಸ್ ಸೆಟ್ಟಿಗೆ ಕರೆಂಟ್ ಕೊಡೋ ಪುಟ್ಟ ಜನರೇಟರ್ ಇಂಜಿನ್ ಒಂದು ಹೋಂಡಾ ಅವರ ಕಣ್ಣಿಗೆ ಬಿತ್ತು. ಅದನ್ನ ಸೈಕಲ್ಲಿಗೆ ಕೂರಿಸಿದರು. ಪೆಟ್ರೋಲ್ ಟ್ಯಾಂಕಿಗೆ ಬಳಸಿದ್ದು ಚಳಿಗೆ ಹಾಸಿಗೆಯಲ್ಲಿಟ್ಟುಕೊಳ್ಳೋ ಬಿಸಿನೀರಿನ ಡಬ್ಬ. ಮೊದಮೊದಲು ಅದನ್ನ ರಸ್ತೆಯಲ್ಲಿ ಓಡಿಸಿ ನೋಡಿದವರು ಸಾಚಿಯೇ. ಅವರ ಬಟ್ಟೆಗೆ ಎಣ್ಣೆ ಹಾರ್ತಾ ಇದ್ದಿದ್ದನ್ನ ಕೇಳಿ ಕಾರ್ಬುರೇಟರ್ ಸರಿಮಾಡಿದರಂತೆ. ಡಿಸೈನ್ ಥಿಂಕಿಂಗ್ ಅಂತ ನಮಗೆ ಎರಡು ಕ್ರೆಡಿಟ್ಟಿನ ಕೋರ್ಸ್ ಇದೆಯಲ್ಲ, ಇದು ಅದೇ. ಹಳೇ ಇಂಜಿನ್‌ಗಳು ಸುಮಾರು 500 ಸಿಕ್ಕಿದ್ದವು. ಅವು ಖಾಲಿಯಾದ ಮೇಲೆ ತಮ್ಮದೇ ಇಂಜಿನ್ ಮಾಡಿದರು. ಅದು ಮಾಡೋ ಸದ್ದಿಗೆ ಜನ ಅದನ್ನ ಬಟಬಟ ಅಂತ ಕರೆದರು. 1948ರ ಸೆಪ್ಟೆಂಬರಿನಲ್ಲಿ ಹೋಂಡಾ ಮೋಟಾರ್ ಕಂಪನಿ ಶುರುವಾಯ್ತು.

ಮರುವರ್ಷ ಸೇರಿಕೊಂಡವರು ಟಕೆಯೊ ಫುಜಿಸಾವಾ. ಇವರಿಲ್ಲದೆ ಈ ಕಥೆ ಪೂರ್ತಿ ಆಗಲ್ಲ. ಹೋಂಡಾ ಅವರಿಗೆ ಇಂಜಿನ್ ಬಿಟ್ಟರೆ ಲೆಕ್ಕಪತ್ರ ಬೇಡ, ಫುಜಿಸಾವಾ ಅವರಿಗೆ ಇಂಜಿನ್ ಒಳಗೆ ಏನಿದೆ ಅನ್ನೋದು ಬೇಡ. ಯಾವುದು ಮಾರತ್ತೆ, ಯಾರು ಕೊಳ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. 1956ರ ಕೊನೆಗೆ ಇಬ್ಬರೂ ಯುರೋಪಿಗೆ ಹೋದಾಗ ಫುಜಿಸಾವಾ ದಾರಿಯುದ್ದಕ್ಕೂ ಒಂದೇ ವರಾತ: ಸಣ್ಣ ಗಾಡಿ ಬೇಕು, ಸಾಮಾನ್ಯ ಜನ ದಿನಾ ಓಡಿಸೋ ಹಾಗಿರಬೇಕು. ಅಲ್ಲಿನ ಮೊಪೆಡ್, ಸ್ಕೂಟರ್‌ಗಳನ್ನ ತೋರಿಸಿ ತೋರಿಸಿ ಕೇಳಿದರು. ಇವ್ಯಾವೂ ಜಪಾನಿನ ಮಣ್ಣು ರಸ್ತೆಗೆ ಆಗಲ್ಲ ಅಂತ ಹೋಂಡಾ ತಳ್ಳಿಹಾಕಿದರು. ಆದ್ರೆ ತಲೆಯೊಳಗೆ ಹುಳ ಬಿಟ್ಟಂಗಾಗಿತ್ತು.

ಆಗ ಜಪಾನಿನ ಊರುಗಳಲ್ಲಿ ಮನೆ ಮನೆಗೆ ಊಟ ತಲುಪಿಸೋರು ಸೋಬಾ ಅಂಗಡಿಯ ಹುಡುಗರು. ಸೋಬಾ ಅಂದ್ರೆ ಶಾವಿಗೆ ಥರದ ಒಂದು ತಿನಿಸು, ಸಾರಿನ ಜೊತೆ ಬಟ್ಟಲಲ್ಲಿ ಕೊಡ್ತಾರೆ. ಬಟ್ಟಲುಗಳನ್ನ ತಟ್ಟೆಯಲ್ಲಿ ಪೇರಿಸಿ ಒಂದು ಕೈಯಲ್ಲಿ ಭುಜದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಸೈಕಲ್ ಓಡಿಸ್ತಿದ್ದರು. ಆ ಹುಡುಗ ಒಂದೇ ಕೈಯಲ್ಲಿ ಓಡಿಸೋ ಹಾಗೆ ಗಾಡಿ ಇರಬೇಕು ಅಂತ ಹೋಂಡಾ ತಮ್ಮ ಇಂಜಿನಿಯರುಗಳಿಗೆ ಹೇಳಿದರು. ನನಗೆ ಈ ಇಡೀ ಜೀವನದಲ್ಲಿ ಇಷ್ಟವಾದ ಜಾಗ ಇದು. ಸ್ಪೀಡ್ ಇಷ್ಟಿರಬೇಕು, ಪವರ್ ಇಷ್ಟಿರಬೇಕು ಅಂತ ಅಲ್ಲ, ಒಂದು ಕೈ ಖಾಲಿ ಇರಬೇಕು ಅಂತ!

ಈ ಒಂದು ಮಾತಿಗೆ ಇಂಜಿನಿಯರುಗಳು ಎಷ್ಟು ಬೆವರು ಸುರಿಸಿದರು ನೋಡಿ. ಎಡಗೈ ಬಿಡಿಸಬೇಕಂದ್ರೆ ಕ್ಲಚ್ ಲಿವರ್ ಇರಬಾರದು. ಹಾಗಾಗಿ ಸೆಂಟ್ರಿಫ್ಯೂಗಲ್ ಕ್ಲಚ್ ಬಂತು. ಗಾಡಿ ನಿಂತಾಗ ತಾನೇ ಬಿಡತ್ತೆ, ಆಕ್ಸಿಲರೇಟರ್ ತಿರುವಿದರೆ ತಾನೇ ಹಿಡಿಯತ್ತೆ, ಗೇರ್ ಪೆಡಲ್ ಒತ್ತಿದಾಗಲೂ ಬಿಟ್ಟುಕೊಡತ್ತೆ. ಇಂಡಿಕೇಟರ್ ಸ್ವಿಚ್ಚು ಕೂಡ ಬಲಗೈ ಕಡೆಗೆ ಹೋಯ್ತು. ಇಂಜಿನ್ ಸಿಲಿಂಡರನ್ನ ಮುಂದಕ್ಕೆ ಮಲಗಿಸಿ ಕೆಳಗೆ ಕೂರಿಸಿದ್ದರಿಂದ ಸೀಟಿನ ಮುಂದೆ ತಗ್ಗಾದ ಜಾಗ ಸಿಕ್ಕಿತು. ಹಿಂದೆ ಏನೇ ಕಟ್ಟಿದ್ದರೂ ಕಾಲನ್ನ ಮುಂದಿನಿಂದ ದಾಟಿಸಿದರೆ ಸಾಕು. ಕೆಸರು ಹಾರದ ಹಾಗೆ ಕಾಲಿಗೆ ಅಡ್ಡ ಪ್ಲಾಸ್ಟಿಕ್ ಕವಚ. ಹಳ್ಳಕೊಳ್ಳಕ್ಕೆ ಅಂತ ಸ್ಕೂಟರ್‌ಗಿಂತ ದೊಡ್ಡದಾದ 17 ಇಂಚಿನ ಚಕ್ರ. ಆ ಅಳತೆಯ ಟೈರು ಜಪಾನಿನಲ್ಲಿ ಯಾರೂ ಮಾಡ್ತಿರಲಿಲ್ಲ, ಹೊಸದಾಗಿ ಮಾಡಿಸಿದರು. ಸಣ್ಣ ಗಾಡಿ ಅಂದ್ರೆ ಟೂ ಸ್ಟ್ರೋಕ್ ಅನ್ನೋ ಕಾಲದಲ್ಲಿ 49 ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್ ಹಾಕಿ 4.5 ಹಾರ್ಸ್‌ಪವರ್ ತೆಗೆದರು. ಪೆಟ್ರೋಲಿಗೆ ಆಯಿಲ್ ಬೆರೆಸೋ ರಗಳೆ ಇಲ್ಲ. ತಮ್ಮ ಕೇಳಿದ ನಾಲ್ಕು ಪ್ರಶ್ನೆ ನೆನಪಿಸಿಕೊಳ್ಳಿ.

ಮಾದರಿ ನೋಡಿದ ಫುಜಿಸಾವಾ 30,000 ಮಾರಬಹುದು ಅಂದಾಗ ಪಕ್ಕದಲ್ಲಿದ್ದವರು ವರ್ಷಕ್ಕೆ ಅಂತ ತಿಳಿದರು. ಅವರು ಹೇಳಿದ್ದು ತಿಂಗಳಿಗೆ. 1958ರ ಆಗಸ್ಟಿನಲ್ಲಿ ಸೂಪರ್ ಕಬ್ ಹೊರಬಂತು, ಬೆಲೆ 55,000 ಯೆನ್. ಶುರುವಿನಲ್ಲಿ ಎಡವಿದ್ದೂ ಆಯ್ತು. ಯಾವ ಕ್ಲಚ್ಚಿಗಾಗಿ ಅಷ್ಟು ಒದ್ದಾಡಿದ್ದರೋ ಅದೇ ಜಾರೋಕೆ ಶುರುವಾಯ್ತು. ಕಂಪನಿಯವರು ರಜೆ ಬಿಟ್ಟು, ಕೊಂಡವರ ಮನೆ ಮನೆಗೆ ಹೋಗಿ ರಿಪೇರಿ ಮಾಡಿಕೊಟ್ಟರು. ಆಮೇಲೆ ಅದನ್ನ ತಡೆಯೋರಿರಲಿಲ್ಲ. ಸೋಬಾ ಹುಡುಗರು, ಪೇಪರ್ ಹಾಕೋರು, ಅಂಚೆಯವರು ಎಲ್ಲರೂ ಅದರ ಮೇಲೇ. 2017ಕ್ಕೆ ಕಬ್ ಸರಣಿಯ ಗಾಡಿಗಳ ಲೆಕ್ಕ 10 ಕೋಟಿ ಮುಟ್ಟಿತು.

ಹೋಂಡಾ ದೇವರೇನಲ್ಲ. ಸಿಟ್ಟು ಬಂದರೆ ಕೈಯಲ್ಲಿದ್ದ ಸ್ಪ್ಯಾನರನ್ನೇ ಕೆಲಸಗಾರರ ಮೇಲೆ ಬೀಸ್ತಿದ್ದರು. ಇದನ್ನ ಗುರುಭಕ್ತಿಯ ಕಥೆ ಹಾಗೆ ಹೇಳೋರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಹಠವೂ ಹಾಗೇ. ಕಾರುಗಳಿಗೆ ಗಾಳಿಯಿಂದ ತಣ್ಣಗಾಗೋ ಇಂಜಿನ್ನೇ ಸಾಕು ಅಂತ ಪಟ್ಟು ಹಿಡಿದರು. ಹೊಗೆ ಕಮ್ಮಿ ಮಾಡಬೇಕಂದ್ರೆ ನೀರಿನದ್ದೇ ಬೇಕು ಅಂತ ಕಿರಿಯ ಇಂಜಿನಿಯರುಗಳು. ಕೊನೆಗೆ ಫುಜಿಸಾವಾ ಬಂದು, ನೀವು ಕಂಪನಿಯ ಅಧ್ಯಕ್ಷರಾಗಿ ಇರ್ತೀರೋ ಇಂಜಿನಿಯರಾಗಿ ಇರ್ತೀರೋ ಅಂತ ಕೇಳಬೇಕಾಯ್ತು. ಹೋಂಡಾ ಸೋತರು, ಹುಡುಗರು ಗೆದ್ದರು. 1973ರಲ್ಲಿ ಇಬ್ಬರು ಗೆಳೆಯರೂ ಒಟ್ಟಿಗೇ ನಿವೃತ್ತರಾದರು. ಮಗನನ್ನ ಕುರ್ಚಿ ಮೇಲೆ ಕೂರಿಸಲಿಲ್ಲ. ಆಮೇಲೆ ದೇಶವೆಲ್ಲ ಸುತ್ತಿ ಅಂಗಡಿ, ಕಾರ್ಖಾನೆಗಳಲ್ಲಿದ್ದ ಕೆಲಸಗಾರರ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಬಂದರು. 1991ರ ಆಗಸ್ಟ್ 5ರಂದು ತೀರಿಕೊಂಡರು. ಕಾರು ಮಾಡೋನ ಸಾವಿನಿಂದ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಆಗಬಾರದು ಅಂತ ಕಂಪನಿ ವತಿಯಿಂದ ದೊಡ್ಡ ಅಂತ್ಯಕ್ರಿಯೆ ಬೇಡ ಅಂದಿದ್ದರು, ಹಾಗೇ ನಡೀತು.

ಸೂಪರ್ ಕಬ್ ನಮ್ಮ ರಸ್ತೆಗಳಲ್ಲಿ ಕಾಣೋದು ಅಪರೂಪ. ಆದ್ರೆ 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ನೋಡಿದ್ದೀರಲ್ಲ, ಅದರ ಸಿಲಿಂಡರೂ ಮುಂದಕ್ಕೆ ಮಲಗಿದೆ. ಕಬ್ ವಂಶದ್ದೇ ಇಂಜಿನ್ ಅದು. ಕೋಲಾರದ ಹತ್ತಿರ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆಯೇ ಇದೆ.

ತಮ್ಮನಿಗೆ ಕೊನೆಗೆ ನಾನು ಹೇಳಿದ್ದು ಇಷ್ಟೇ: 100 ಸಿಸಿ ಸಾಕು, ಮನೆ ಹತ್ತಿರದ ಮೆಕ್ಯಾನಿಕ್‌ಗೆ ಕಣ್ಣು ಮುಚ್ಚಿ ಬಿಚ್ಚೋಕೆ ಬರೋ ಗಾಡಿ ಆಗಿರಲಿ, ಬಿಡಿಭಾಗ ತಾಲೂಕಿನಲ್ಲೇ ಸಿಗಲಿ. ಸೆಕೆಂಡ್ ಹ್ಯಾಂಡ್ ಒಂದು ತಗೊಂಡ, ಹಿಂದೆ ಕ್ಯಾರಿಯರ್ ವೆಲ್ಡ್ ಮಾಡಿಸಿದ. ಮೊನ್ನೆ ಫೋನ್ ಮಾಡಿದ್ದ. ಮೈಲೇಜ್ ಚೆನ್ನಾಗಿದೆಯಂತೆ. ಸಂಜೆ ಹೊತ್ತಿಗೆ ಕ್ಲಚ್ ಹಿಡಿದು ಹಿಡಿದು ಎಡಗೈ ಮಣಿಕಟ್ಟು ನೋವು ಬರತ್ತಣ್ಣ ಅಂದ. 1958ರ ವಿಷಯ ಅವನಿಗೆ ಇನ್ನೂ ಹೇಳಿಲ್ಲ.